ಓದುಗರ ಪ್ರಶ್ನೆ: ನಡುವಿನ ಐದು ಎಲೆ, ಕೈಯೊಳಗಿನ ಎರಡು

ದೀಪಾವಳಿ ಸಮೀಪಿಸಿದಾಗ ಈ ಅಂಕಣಕ್ಕೆ ಇಸ್ಪೀಟಿನ ಸಂಶಯಗಳು ಬರುವುದು ಹೊಸತಲ್ಲ. ಆದರೆ ಈ ಬಾರಿ ಮಂಗಳೂರು ಮತ್ತು ಉಡುಪಿಯ ಓದುಗರು ರಮ್ಮಿಯನ್ನು ಬಿಟ್ಟು ಪೋಕರಿನ ಬಗ್ಗೆ, ಅದರಲ್ಲಿಯೂ ಎಲ್ಲರಿಗೂ ಸೇರಿದ ಎಲೆಗಳನ್ನು ನಡುವೆ ತೆರೆದಿಟ್ಟು ಆಡುವ ಬಗೆಯ ಬಗ್ಗೆ ಕೇಳಿದ್ದಾರೆ. ಒಂದೇ ವಿಷಯದ ಪತ್ರಗಳಾದ್ದರಿಂದ ಎಲ್ಲವನ್ನೂ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿರುವ ಮಗ ರಜೆಗೆ ಬಂದಾಗ ಮನೆಯವರಿಗೆಲ್ಲ ಟೆಕ್ಸಾಸ್ ಹೋಲ್ಡೆಮ್ ಕಲಿಸಲು ಕುಳಿತ. ಕೈಗೆ ಎರಡೇ ಎಲೆ ಕೊಟ್ಟು ಉಳಿದವನ್ನು ಮೇಜಿನ ಮೇಲೆ ತೆರೆದಿಡುತ್ತಾನೆ. ಎಲ್ಲರಿಗೂ ಕಾಣುವ ಎಲೆಗಳಿಂದ ಆಡುವುದಾದರೆ ಗುಟ್ಟೇನು ಉಳಿಯಿತು? ಆಟದ ಕ್ರಮವನ್ನು ಮೊದಲಿನಿಂದ ತಿಳಿಸುವಿರಾ? — ಓದುಗರು, ಬಿಜೈ, ಮಂಗಳೂರು

ಉತ್ತರ: ಗುಟ್ಟು ನೀವು ಎಣಿಸಿದ್ದಕ್ಕಿಂತ ಹೆಚ್ಚೇ ಉಳಿಯುತ್ತದೆ. ನಡುವಿನ ಐದೂ ಎಲೆಗಳು ತೆರೆದ ಮೇಲೆಯೂ ನಿಮಗೆ ಕಂಡಿರುವುದು ಏಳು ಎಲೆ ಮಾತ್ರ. ಉಳಿದ 45ರಲ್ಲಿ ಯಾವ ಎರಡು ಎದುರಿನವರ ಕೈಯಲ್ಲಿವೆ ಎಂಬುದಕ್ಕೆ 990 ಸಾಧ್ಯತೆಗಳಿವೆ. ಅವರು ಯಾವ ಹಂತದಲ್ಲಿ ಎಷ್ಟು ಪಣ ಕಟ್ಟಿದರು ಎಂಬುದನ್ನು ಗಮನಿಸಿ ಆ 990ರಲ್ಲಿ ನಂಬಲು ಯೋಗ್ಯವಾದವು ಯಾವುವು ಎಂದು ಜರಡಿ ಹಿಡಿಯುವುದೇ ಈ ಆಟದ ಕಸುಬು.

ಕ್ರಮ ಹೀಗಿದೆ. ಜೋಕರ್ ತೆಗೆದ 52 ಎಲೆಗಳ ಒಂದು ಕಟ್ಟು ಸಾಕು. ಹಂಚುವವರ ಮುಂದೆ ಬಟನ್ ಎಂಬ ಬಿಲ್ಲೆಯೊಂದು ಇರುತ್ತದೆ ಮತ್ತು ಪ್ರತಿ ಹಂಚಿಕೆಗೂ ಅದು ಎಡಕ್ಕೆ ಒಂದು ಸ್ಥಾನ ಸರಿಯುತ್ತದೆ. ಬಲಕ್ಕೆ ಹಂಚಿ ಅಭ್ಯಾಸವಿರುವವರು ಇಲ್ಲಿ ಎಲ್ಲವೂ ಎಡಕ್ಕೆ ಸಾಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಬಟನ್‌ನ ಎಡಗಡೆಯ ಮೊದಲಿಗರು ಸ್ಮಾಲ್ ಬ್ಲೈಂಡ್ ಎಂಬ ಚಿಕ್ಕ ಮೊತ್ತವನ್ನೂ ಅವರ ಮುಂದಿನವರು ಬಿಗ್ ಬ್ಲೈಂಡ್ ಎಂಬ, ಸಾಮಾನ್ಯವಾಗಿ ಅದರ ಇಮ್ಮಡಿ ಮೊತ್ತವನ್ನೂ ಎಲೆ ಬೀಳುವ ಮೊದಲೇ ಇಡಬೇಕು. ಮೂರೆಲೆಯ ತೀನ್ ಪತ್ತಿಯಲ್ಲಿ ಎಲೆ ನೋಡದೆ ಬ್ಲೈಂಡ್ ಆಡುವುದು ಆಡುವವರ ಇಷ್ಟ. ಇಲ್ಲಿ ಅದು ಸರದಿಯಂತೆ ತಲೆಯ ಮೇಲೆ ಬರುವ ಕಡ್ಡಾಯ. ಅನಂತರ ಪ್ರತಿಯೊಬ್ಬರಿಗೂ ಎರಡೆರಡು ಎಲೆಗಳನ್ನು ಮುಚ್ಚಿ ಹಂಚಲಾಗುತ್ತದೆ.

ಮೊದಲ ಸುತ್ತಿನ ಪಣ ಬಿಗ್ ಬ್ಲೈಂಡ್‌ನ ಎಡಗಡೆಯವರಿಂದ ಆರಂಭವಾಗುತ್ತದೆ. ಅವರು ಬಿಗ್ ಬ್ಲೈಂಡ್‌ನಷ್ಟೇ ಇಟ್ಟು ಕಾಲ್ ಮಾಡಬಹುದು, ಹೆಚ್ಚಿಸಿ ರೇಸ್ ಮಾಡಬಹುದು ಅಥವಾ ಎಲೆ ಮಡಚಿ ಫೋಲ್ಡ್ ಆಗಬಹುದು. ಯಾರೂ ಹೆಚ್ಚಿಸದೆ ಸುತ್ತು ಬಿಗ್ ಬ್ಲೈಂಡ್ ಇಟ್ಟವರವರೆಗೆ ಬಂದರೂ ಅವರಿಗೆ ಹೆಚ್ಚಿಸುವ ಹಕ್ಕು ಉಳಿದಿರುತ್ತದೆ. ಮನೆಯಾಟದಲ್ಲಿ ಇದನ್ನು ಮರೆತು ಅವಸರದಿಂದ ಮುಂದಿನ ಎಲೆ ತೆಗೆದುಬಿಡುವುದೇ ಹೆಚ್ಚು. ಸುತ್ತು ಮುಗಿದ ಮೇಲೆ ಕಟ್ಟಿನ ಮೇಲಿನ ಒಂದು ಎಲೆಯನ್ನು ಯಾರಿಗೂ ತೋರಿಸದೆ ಬದಿಗಿಟ್ಟು, ಮೂರು ಎಲೆಗಳನ್ನು ಒಟ್ಟಿಗೆ ನಡುವೆ ತೆರೆಯುತ್ತಾರೆ. ಇದು ಫ್ಲಾಪ್. ಮತ್ತೆ ಪಣ; ಮತ್ತೊಂದು ಎಲೆ ಬದಿಗೆ, ನಾಲ್ಕನೆಯದು ನಡುವೆ, ಅದು ಟರ್ನ್. ಹಾಗೆಯೇ ಐದನೆಯದು ರಿವರ್, ಅದರ ಬೆನ್ನಿಗೆ ಕೊನೆಯ ಪಣ. ಫ್ಲಾಪ್‌ನಿಂದ ಮುಂದಕ್ಕೆ ಪ್ರತಿ ಸುತ್ತೂ ಬಟನ್‌ನ ಎಡಗಡೆ ಆಟದಲ್ಲಿ ಉಳಿದಿರುವ ಮೊದಲಿಗರಿಂದ ಆರಂಭವಾಗುತ್ತದೆ, ಮತ್ತು ತನಗಿಂತ ಮೊದಲು ಯಾರೂ ಪಣ ಕಟ್ಟದಿದ್ದರೆ ಚೆಕ್ ಎಂದು ಏನೂ ಇಡದೆ ಸರದಿಯನ್ನು ದಾಟಿಸಬಹುದು. ಕೊನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಉಳಿದರೆ ಎಲೆ ತೋರಿಸುತ್ತಾರೆ. ಕೈಯಲ್ಲಿನ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದನ್ನು ಆರಿಸಿದವರದು ಗೆಲುವು. ಉಳಿದವರೆಲ್ಲ ಮಡಚಿದರೆ ಕೊನೆಗೆ ಉಳಿದವರು ಎಲೆ ತೋರಿಸಬೇಕಾಗಿಯೇ ಇಲ್ಲ.

ಪ್ರಶ್ನೆ: ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ (ಸತತ ಅಂಕಿಯ ಎಲೆಗಳು) ಕಲರಿಗಿಂತ (ಎಲ್ಲವೂ ಆಟೀನಿನಂತೆ ಒಂದೇ ಜಾತಿಯ ಎಲೆಗಳು) ದೊಡ್ಡದು. ಪೋಕರಿನಲ್ಲಿ ಕಲರ್ ದೊಡ್ಡದೆಂದು ಅಳಿಯಂದಿರು ವಾದಿಸುತ್ತಾರೆ. ಯಾರು ಸರಿ? — ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಅವರವರ ಆಟದಲ್ಲಿ ಇಬ್ಬರೂ ಸರಿ, ಮತ್ತು ಅದಕ್ಕೆ ಗಟ್ಟಿಯಾದ ಲೆಕ್ಕವಿದೆ. ಯಾವುದು ಅಪರೂಪವೋ ಅದು ದೊಡ್ಡದು ಎಂಬುದು ಮೂಲ ತತ್ವ. 52 ಎಲೆಗಳಿಂದ ಮೂರನ್ನು ಆರಿಸುವ 22,100 ಬಗೆಗಳಲ್ಲಿ ಬರಿಯ ಸೀಕ್ವೆನ್ಸ್ 720, ಬರಿಯ ಕಲರ್ 1,096. ಆದ್ದರಿಂದ ಅಲ್ಲಿ ಸೀಕ್ವೆನ್ಸ್ ಮೇಲು. ಐದನ್ನು ಆರಿಸುವ 25,98,960 ಬಗೆಗಳಲ್ಲಿ ಸ್ಟ್ರೈಟ್ ಎನಿಸಿಕೊಳ್ಳುವ ಸೀಕ್ವೆನ್ಸ್ 10,200, ಫ್ಲಶ್ ಎನಿಸಿಕೊಳ್ಳುವ ಕಲರ್ 5,108. ಲೆಕ್ಕ ತಿರುಗುಮುರುಗಾಯಿತು, ಸ್ಥಾನವೂ ಬದಲಾಯಿತು. ತೀನ್ ಪತ್ತಿಯವರಿಗೆ ಇದಕ್ಕಿಂತಲೂ ಹೆಚ್ಚು ನೋವು ಕೊಡುವುದು ಟ್ರಯಲ್‌ನ ಗತಿ. ಮೂರು ಎಲೆಯ ಆಟದಲ್ಲಿ ರಾಜನಂತಿದ್ದ ಒಂದೇ ಅಂಕಿಯ ಮೂರು ಎಲೆಗಳು ಇಲ್ಲಿ 54,912 ಬಗೆಗಳಲ್ಲಿ ಬರುವುದರಿಂದ ಸ್ಟ್ರೈಟ್‌ಗಿಂತಲೂ ಕೆಳಗೆ ಕುಳಿತಿವೆ. (ತೀನ್ ಪತ್ತಿಯಲ್ಲಿಯೂ ಲೆಕ್ಕವನ್ನು ಕಟ್ಟುನಿಟ್ಟಾಗಿ ಹಿಡಿದರೆ ಒಂದೇ ಜಾತಿಯ ಸತತ ಮೂರು ಎಲೆಗಳ, 48 ಬಗೆಗಳ ಪ್ಯೂರ್ ಸೀಕ್ವೆನ್ಸ್ 52 ಬಗೆಗಳ ಟ್ರಯಲ್‌ಗಿಂತ ಮೇಲಿರಬೇಕಿತ್ತು, ಅಲ್ಲಿ ರೂಢಿ ಗಣಿತವನ್ನು ಸೋಲಿಸಿದೆ.)

ಪೋಕರಿನ ಪೂರ್ಣ ಕ್ರಮವನ್ನು ಮೇಲಿನಿಂದ ಕೆಳಕ್ಕೆ ಹೇಳುವುದಾದರೆ: ಒಂದೇ ಜಾತಿಯ ಸತತ ಐದು ಎಲೆ, ಒಂದೇ ಅಂಕಿಯ ನಾಲ್ಕು, ಮೂರು ಮತ್ತು ಎರಡು ಕೂಡಿದ ಫುಲ್ ಹೌಸ್, ಫ್ಲಶ್, ಸ್ಟ್ರೈಟ್, ಒಂದೇ ಅಂಕಿಯ ಮೂರು, ಎರಡು ಜೋಡಿ, ಒಂದು ಜೋಡಿ, ಕೊನೆಗೆ ಏನೂ ಕೂಡದೆ ಬರಿಯ ದೊಡ್ಡ ಎಲೆ. ಸ್ಟ್ರೈಟ್‌ನಲ್ಲಿ ಎಕ್ಕವು ರಾಜನ ಮೇಲೂ ನಿಲ್ಲುತ್ತದೆ, ಎರಡರ ಕೆಳಗೂ ನಿಲ್ಲುತ್ತದೆ; ಆದರೆ ರಾಣಿ, ರಾಜ, ಎಕ್ಕ, ಎರಡು, ಮೂರು ಎಂದು ಸುತ್ತಿ ಬರುವುದಿಲ್ಲ.

ಪ್ರಶ್ನೆ: ನಡುವೆ ಎರಡು ರಾಜ, ಎರಡು ಒಂಬತ್ತು ಮತ್ತು ಒಂದು ಎಕ್ಕ ಇದ್ದವು. ನನ್ನ ಕೈಯಲ್ಲಿ ಎರಡು ಏಳು, ಅಂದರೆ ಒಟ್ಟು ಮೂರು ಜೋಡಿ. ಎದುರಿನವರ ಕೈಯಲ್ಲಿ ರಾಣಿ ಮತ್ತು ಗುಲಾಮ ಮಾತ್ರ. ಆದರೂ ಪಾಟ್‌ನಲ್ಲಿ, ಅಂದರೆ ನಡುವೆ ಸೇರಿದ ಪಣದ ಒಟ್ಟು ರಾಶಿಯಲ್ಲಿ, ಅರ್ಧ ಪಾಲು ಕೇಳಿದರು. ಇದು ನ್ಯಾಯವೇ? — ಓದುಗರು, ಸುರತ್ಕಲ್

ಉತ್ತರ: ನ್ಯಾಯವೇ. ಮೂರು ಜೋಡಿ ಎಂಬುದು ಈ ಆಟದಲ್ಲಿ ಇಲ್ಲ, ಏಕೆಂದರೆ ಲೆಕ್ಕಕ್ಕೆ ಬರುವುದು ಐದೇ ಎಲೆ. ನಿಮ್ಮ ಅತ್ಯುತ್ತಮ ಐದು ಯಾವುದು? ರಾಜ, ರಾಜ, ಒಂಬತ್ತು, ಒಂಬತ್ತು, ಎಕ್ಕ. ಅವರದೂ ಅದೇ. ಇಬ್ಬರೂ ನಡುವಿನ ಐದನ್ನೇ ಆಡಿದ್ದೀರಿ. ಹೋಲ್ಡೆಮ್‌ನಲ್ಲಿ ಕೈಯ ಎರಡನ್ನೂ ಬಳಸಬಹುದು, ಒಂದನ್ನು ಬಳಸಬಹುದು, ಒಂದನ್ನೂ ಬಳಸದೆ ಇರಬಹುದು. ಇಸ್ಪೀಟು, ಆಟೀನು, ಡೈಮಂಡ್, ಕಳಾವರ್ ಇವುಗಳ ನಡುವೆ ಮೇಲುಕೀಳು ಇಲ್ಲದ್ದರಿಂದ ಜಾತಿಯ ಬಲದಿಂದ ಸಮವನ್ನು ಮುರಿಯುವಂತೆಯೂ ಇಲ್ಲ.

ಪ್ರಶ್ನೆ: ಗೆಳೆಯರೊಬ್ಬರು ಲಿಮಿಟ್ ಆಡೋಣ ಎನ್ನುತ್ತಾರೆ, ಮತ್ತೊಬ್ಬರು ಪಾಟ್ ಲಿಮಿಟ್, ಮಗಳು ನೋ ಲಿಮಿಟ್. ಎಲೆ ಹಂಚುವುದು ಒಂದೇ ತರವಾದರೆ ಇವುಗಳಲ್ಲಿ ವ್ಯತ್ಯಾಸವೇನು? ಹೊಸಬರು ಯಾವುದನ್ನು ಹಿಡಿಯಬೇಕು? ಹಣವಿಟ್ಟು ಆಡುವ ಉದ್ದೇಶ ನಮಗಿಲ್ಲ. — ಓದುಗರು, ಮಲ್ಪೆ, ಉಡುಪಿ

ಉತ್ತರ: ಬಂದ ಪತ್ರಗಳಲ್ಲಿ ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಎಲೆಯ ನಿಯಮಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು; ಆದರೆ ಪಣದ ಮಿತಿಯನ್ನು ಬದಲಿಸಿದರೆ ಅದೇ ಎಲೆಗಳಲ್ಲಿ ಬೇರೆಯೇ ಆಟ ಹುಟ್ಟುತ್ತದೆ ಎಂಬುದನ್ನು ಕಲಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಹಣದ ಬದಲಿಗೆ ಮನೆಯಲ್ಲಿ ಚೆನ್ನೆಮಣೆಯಲ್ಲಿ ಆಡುವ ಮಂಜೊಟ್ಟಿ ಬೀಜಗಳಿದ್ದರೆ ತೆಗೆಯಿರಿ. ಹದಿನಾಲ್ಕು ಗುಳಿಗಳಿಗೆ ನಾಲ್ಕರಂತೆ 56 ಇರುತ್ತವೆ. ನಾಲ್ವರಿಗೆ ಅಷ್ಟು ಸಾಲದಾದ್ದರಿಂದ ಹುಣಸೆ ಬೀಜವನ್ನು ಒಂದೆಂದೂ ಮಂಜೊಟ್ಟಿಯನ್ನು ಐದೆಂದೂ ಎಣಿಸಿದರೆ ಅಂಗಡಿಯ ಪ್ಲಾಸ್ಟಿಕ್ ಚಿಪ್‌ಗಳ ಅಗತ್ಯವೇ ಬೀಳುವುದಿಲ್ಲ. ಮುಂದಿನ ಲೆಕ್ಕಗಳೆಲ್ಲ ಹುಣಸೆ ಬೀಜದಲ್ಲಿವೆ.

ಲಿಮಿಟ್ ಬಗೆಯಲ್ಲಿ ಪಣದ ಗಾತ್ರ ಮೊದಲೇ ನಿಶ್ಚಿತ. 2–4ರ ಆಟವೆಂದರೆ ಮೊದಲೆರಡು ಸುತ್ತುಗಳಲ್ಲಿ ಕಟ್ಟುವುದೂ ಏರಿಸುವುದೂ ಎರಡೆರಡರಂತೆ, ಕೊನೆಯೆರಡು ಸುತ್ತುಗಳಲ್ಲಿ ನಾಲ್ಕುನಾಲ್ಕರಂತೆ. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದು ಬೆಟ್ ಮತ್ತು ಮೂರು ರೇಸ್‌ಗಳಿಗೆ ಅವಕಾಶ. ಪಾಟ್ ಲಿಮಿಟ್‌ನಲ್ಲಿ ಆ ಕ್ಷಣ ಪಾಟ್‌ನಲ್ಲಿ ಎಷ್ಟಿದೆಯೋ ಅಷ್ಟೇ ಗರಿಷ್ಠ. ಇಲ್ಲಿ ಏರಿಸುವ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ: ಪಾಟ್‌ನಲ್ಲಿ 20 ಬೀಜಗಳಿವೆ, ಎದುರಿನವರು 10 ಕಟ್ಟಿದರು ಎನ್ನೋಣ, ನೀವು ಮೊದಲು ಮನಸ್ಸಿನಲ್ಲಿ ಅವರ 10ಕ್ಕೆ ಸರಿಯಾಗಿ 10 ಇಡಬೇಕು, ಆಗ ಪಾಟ್ 40 ಆಗುತ್ತದೆ, ಆ 40ರಷ್ಟು ನೀವು ಏರಿಸಬಹುದು, ಅಂದರೆ ನಿಮ್ಮ ಕೈಯಿಂದ ಹೋಗುವ ಗರಿಷ್ಠ ಮೊತ್ತ 50. ನೋ ಲಿಮಿಟ್‌ನಲ್ಲಿ ಮೇಲಿನ ಮಿತಿಯೇ ಇಲ್ಲ, ನಿಮ್ಮ ಮುಂದಿರುವ ರಾಶಿಯನ್ನೆಲ್ಲ ಯಾವಾಗ ಬೇಕಾದರೂ ನೂಕಬಹುದು. ಆದರೆ ಕೆಳಗಿನ ಮಿತಿ ಇದೆ. ಒಬ್ಬರು 10 ಕಟ್ಟಿ ಇನ್ನೊಬ್ಬರು ಅದನ್ನು 30ಕ್ಕೆ ಏರಿಸಿದ್ದರೆ, ಏರಿಕೆ 20 ಆದ್ದರಿಂದ, ಮೂರನೆಯವರು ಏರಿಸುವುದಾದರೆ 50ಕ್ಕಿಂತ ಕಡಿಮೆಗೆ ಏರಿಸುವಂತಿಲ್ಲ.

ಇನ್ನು ಈ ಮಿತಿಗಳು ಮಾಡುವ ಕೆಲಸವನ್ನು ನೋಡಿ. ಫ್ಲಾಪ್ ಬಿದ್ದಾಗ ಪಾಟ್‌ನಲ್ಲಿ 6 ಬೀಜಗಳಿವೆ, ಇಬ್ಬರೇ ಉಳಿದಿದ್ದಾರೆ, ಪ್ರತಿ ಸುತ್ತಿನಲ್ಲಿ ಒಬ್ಬರು ಪೂರ್ತಿ ಕಟ್ಟುತ್ತಾರೆ, ಇನ್ನೊಬ್ಬರು ಕಾಲ್ ಮಾಡುತ್ತಾರೆ ಎನ್ನೋಣ. ಲಿಮಿಟ್‌ನಲ್ಲಿ ಅದು 10, 18, 26 ಎಂದು ಬೆಳೆಯುತ್ತದೆ. ಪಾಟ್ ಲಿಮಿಟ್‌ನಲ್ಲಿ ಪ್ರತಿ ಸಲವೂ ಮೂರು ಪಟ್ಟಾಗಿ 18, 54, 162 ಆಗುತ್ತದೆ. ನೋ ಲಿಮಿಟ್‌ನಲ್ಲಿ ಮೂರು ಸುತ್ತು ಕಾಯಬೇಕಾಗಿಯೂ ಇಲ್ಲ.

ಇದರಿಂದ ತೀರ್ಮಾನಗಳೇ ತಲೆಕೆಳಗಾಗುತ್ತವೆ. ಟರ್ನ್ ಬಿದ್ದಿದೆ, ನಿಮ್ಮ ಎರಡೂ ನಡುವಿನ ಎರಡೂ ಸೇರಿ ನಾಲ್ಕು ಆಟೀನುಗಳಾಗಿವೆ, ಇನ್ನೊಂದು ಬಂದರೆ ಫ್ಲಶ್. ಕಾಣದ 46 ಎಲೆಗಳಲ್ಲಿ ನಿಮಗೆ ಬೇಕಾದವು 9, ಬೇಡವಾದವು 37. ಒಂದು ಗೆಲುವಿಗೆ ಸುಮಾರು ನಾಲ್ಕು ಸೋಲು. ಪಾಟ್‌ನಲ್ಲಿ 14 ಇದೆ. ಲಿಮಿಟ್ ಆಟದಲ್ಲಿ ಎದುರಿನವರು ಕಟ್ಟಬಹುದಾದದ್ದು 4 ಮಾತ್ರ. 18 ಬೀಜ ಗೆಲ್ಲಲು 4 ಇಡುತ್ತೀರಿ, ಅಂದರೆ ಒಂದಕ್ಕೆ ನಾಲ್ಕೂವರೆ. ಕಾಲ್ ಮಾಡುವುದೇ ಸರಿ. ಪಾಟ್ ಲಿಮಿಟ್‌ನಲ್ಲಿ ಅವರು 14 ಕಟ್ಟುತ್ತಾರೆ. 28 ಗೆಲ್ಲಲು 14 ಇಡಬೇಕು, ಒಂದಕ್ಕೆ ಎರಡೇ. ರಿವರ್‌ನಲ್ಲಿ ಇನ್ನಷ್ಟು ಗೆಲ್ಲುವ ಭರವಸೆ ಇಲ್ಲದಿದ್ದರೆ ಮಡಚಬೇಕು. ಎಲೆಗಳು ಅವೇ, ಎದುರಿನವರು ಅವರೇ, ಮಾಡಬೇಕಾದದ್ದು ಬೇರೆ.

ಹೊಸಬರು ಲಿಮಿಟ್‌ನಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ, ಮತ್ತು ಇದನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. ಲಿಮಿಟ್ ಬೇಸರ ತರಿಸುತ್ತದೆ, ಯಾರೂ ಮಡಚುವುದಿಲ್ಲ ಎಂಬ ಅವರ ದೂರು ನಿಜ. ಆದರೆ ಯಾರೂ ಮಡಚದೆ ಪ್ರತಿ ಹಂಚಿಕೆಯೂ ಎಲೆ ತೋರಿಸುವವರೆಗೆ ಹೋಗುವುದರಿಂದಲೇ ಕಲಿಯುವವರಿಗೆ ನೂರಾರು ಕೈಗಳನ್ನು ನೋಡುವ ಅವಕಾಶ ಸಿಗುತ್ತದೆ. ನೋ ಲಿಮಿಟ್‌ನಲ್ಲಿ ಕಾಲೇಜು ಹುಡುಗರು ಮೂರನೆಯ ಹಂಚಿಕೆಗೇ ರಾಶಿಯನ್ನೆಲ್ಲ ನೂಕಿ, ಅರ್ಧ ಗಂಟೆಯೊಳಗೆ ಇಬ್ಬರನ್ನು ಪ್ರೇಕ್ಷಕರನ್ನಾಗಿಸಿ ಕೂರಿಸುತ್ತಾರೆ.

ಒಂದು ಶಿಸ್ತನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಏರಿಸುವುದಾದರೆ ಬಾಯಲ್ಲಿ ಮೊದಲು ಹೇಳಬೇಕು, ಇಲ್ಲವೇ ಪೂರ್ತಿ ಮೊತ್ತವನ್ನು ಒಂದೇ ಸಲಕ್ಕೆ ಇಡಬೇಕು. “ನಿನ್ನ ಹತ್ತು… ಅದರ ಮೇಲೆ ಇಪ್ಪತ್ತು” ಎಂದು ಎದುರಿನವರ ಮುಖವನ್ನು ನೋಡುತ್ತ ಎರಡು ಕಂತಿನಲ್ಲಿ ಇಡುವುದು ಸಿನಿಮಾದಲ್ಲಿ ಚೆನ್ನ, ನಿಯಮದಲ್ಲಿ ಮೊದಲ ಹತ್ತಕ್ಕೇ ಅದು ಕಾಲ್ ಎಂದು ಮುಗಿಯುತ್ತದೆ.

ಪ್ರಶ್ನೆ: ನೋ ಲಿಮಿಟ್‌ನಲ್ಲಿ ಎದುರಿನವರು ನನ್ನ ಬಳಿ ಇರುವುದಕ್ಕಿಂತ ಹೆಚ್ಚು ಕಟ್ಟಿದರೆ ನಾನು ಸೋತೆನೆಂದು ಎಲೆ ಬಿಸಾಡಬೇಕೇ? — ಓದುಗರು, ಕಾರ್ಕಳ

ಉತ್ತರ: ಬೇಡ. ಹಂಚಿಕೆ ಆರಂಭವಾದಾಗ ನಿಮ್ಮ ಮುಂದೆ ಎಷ್ಟಿತ್ತೋ ಅಷ್ಟರ ಮಟ್ಟಿಗೆ ಮಾತ್ರ ನೀವು ಹೊಣೆ. ನಡುವೆ ಕಿಸೆಯಿಂದ ತೆಗೆಯುವಂತಿಲ್ಲ, ಉಂಗುರ ಬಿಚ್ಚಿಡುವಂತಿಲ್ಲ. (ಹಸ್ತಿನಾವತಿಯ ಸಭೆಯಲ್ಲಿ ಈ ಒಂದು ನಿಯಮವಿದ್ದಿದ್ದರೆ ನಮ್ಮ ಮೇಳಗಳಿಗೆ ಎಷ್ಟೋ ಪ್ರಸಂಗಗಳು ಸಿಗುತ್ತಿರಲಿಲ್ಲ.) ಇರುವುದನ್ನೆಲ್ಲ ಇಟ್ಟು ಆಲ್ ಇನ್ ಎಂದು ಹೇಳಿ, ಎಲೆ ತೋರಿಸುವವರೆಗೆ ಉಳಿಯುವ ಹಕ್ಕು ನಿಮಗಿದೆ.

ಮೂವರಿದ್ದಾಗ ಲೆಕ್ಕವನ್ನು ಬೇರ್ಪಡಿಸಬೇಕಾಗುತ್ತದೆ. ನಿಮ್ಮ ಬಳಿ 100, ಎರಡನೆಯವರ ಬಳಿ 300, ಮೂರನೆಯವರ ಬಳಿ 500 ಇದ್ದು ಮೂವರೂ ಪೂರ್ತಿ ನೂಕಿದರು ಎನ್ನಿ. ಪ್ರತಿಯೊಬ್ಬರಿಂದಲೂ ನೂರರಂತೆ ತೆಗೆದ 300 ಮುಖ್ಯ ಪಾಟ್. ಇದಕ್ಕೆ ಮೂವರೂ ಹಕ್ಕುದಾರರು. ಉಳಿದವರಿಬ್ಬರ ತಲಾ 200 ಸೇರಿ 400ರ ಬದಿಯ ಪಾಟ್. ಇದು ಅವರಿಬ್ಬರ ನಡುವೆ ಮಾತ್ರ. ಮೂರನೆಯವರ ಮಿಕ್ಕ 200ಕ್ಕೆ ಸರಿಗಟ್ಟುವವರೇ ಇಲ್ಲದ್ದರಿಂದ ಅದು ಅವರಿಗೇ ಹಿಂದಿರುಗುತ್ತದೆ. ನಿಮ್ಮ ಕೈ ಎಲ್ಲರಿಗಿಂತ ದೊಡ್ಡದಾದರೂ ಸಿಗುವುದು 300. ಬದಿಯ ಪಾಟ್ ಅವರಿಬ್ಬರಲ್ಲಿ ಮೇಲಾದವರಿಗೆ. ಬದಿಯ ಪಾಟ್‌ನ ತೀರ್ಮಾನವನ್ನು ಮೊದಲು ಮಾಡಿ ಮುಖ್ಯ ಪಾಟ್‌ಗೆ ಆಮೇಲೆ ಬಂದರೆ ಗೊಂದಲ ಕಡಿಮೆ.

ಪ್ರಶ್ನೆ: ಪೋಕರಿನ ಇನ್ನೊಂದು ಬಗೆಯಾದ ಒಮಾಹಾದಲ್ಲಿ ನನ್ನ ಕೈಗೆ ನಾಲ್ಕೂ ಎಕ್ಕಗಳು ಬಂದವು. ಆದರೂ ಎರಡು ಜೋಡಿ ಇದ್ದವರೆದುರು ಸೋತೆ ಎಂದರು. ಇದೆಂಥ ಆಟ? — ಓದುಗರು, ದೇರೆಬೈಲ್, ಮಂಗಳೂರು

ಉತ್ತರ: ಒಮಾಹಾದಲ್ಲಿ ಕೈಗೆ ನಾಲ್ಕು ಎಲೆ ಬರುತ್ತವೆ, ಆದರೆ ಬಳಸಬೇಕಾದವು ನಿಖರವಾಗಿ ಎರಡು, ನಡುವಿನಿಂದ ನಿಖರವಾಗಿ ಮೂರು. ನಿಮ್ಮ ನಾಲ್ಕು ಎಕ್ಕಗಳಲ್ಲಿ ಎರಡು ಮಾತ್ರ ಲೆಕ್ಕಕ್ಕೆ ಬಂದು ಒಂದು ಜೋಡಿಯಾಯಿತು, ಮಿಕ್ಕೆರಡು ಕೈಯಲ್ಲೇ ಸತ್ತವು. ಮೂರನೆಯ ಎಕ್ಕ ನಡುವೆ ಬೀಳುವ ಆಸೆಯೂ ಇಲ್ಲ, ಏಕೆಂದರೆ ಕಟ್ಟಿನಲ್ಲಿ ಎಕ್ಕವೇ ಉಳಿದಿಲ್ಲ. ನೋಡಲು ಅಷ್ಟು ಚೆಂದದ ಕೈ ಆಡಲು ಅಷ್ಟೇ ಕೆಟ್ಟದ್ದು. ಹಾಗೆಯೇ ನಡುವೆ ನಾಲ್ಕು ಆಟೀನುಗಳಿದ್ದು ನಿಮ್ಮ ಕೈಯಲ್ಲಿ ಆಟೀನಿನ ಎಕ್ಕ ಒಂದೇ ಇದ್ದರೆ ಹೋಲ್ಡೆಮ್‌ನಲ್ಲಿ ಅದು ಭರ್ಜರಿ ಫ್ಲಶ್, ಒಮಾಹಾದಲ್ಲಿ ಫ್ಲಶ್ಶೇ ಅಲ್ಲ. ನಾಲ್ಕು ಎಲೆಗಳಿಂದ ಆರು ಬಗೆಯ ಜೋಡಣೆ ಸಾಧ್ಯವಾಗುವುದರಿಂದ ಎಲ್ಲರ ಕೈಯೂ ದೊಡ್ಡದಾಗಿಯೇ ಇರುತ್ತದೆ. ಹೋಲ್ಡೆಮ್‌ನಲ್ಲಿ ಗೆಲ್ಲುತ್ತಿದ್ದ ಎರಡು ಜೋಡಿ ಇಲ್ಲಿ ಬಹಳ ಸಲ ಸಾಲದು. ಈ ಆಟವನ್ನು ಹೆಚ್ಚಾಗಿ ಪಾಟ್ ಲಿಮಿಟ್‌ನಲ್ಲಿಯೇ ಆಡುತ್ತಾರೆ.

ಪ್ರಶ್ನೆ: ಈ ಆಟ ಎಲ್ಲಿಯದು? ಎಲ್ಲರೂ ನೋ ಲಿಮಿಟ್ ಅನ್ನೇ ಆಡುವುದೇಕೆ? — ಓದುಗರು, ಮಣಿಪಾಲ

ಉತ್ತರ: ಅಮೆರಿಕದ ಟೆಕ್ಸಾಸ್ ರಾಜ್ಯದ್ದು; ಅಲ್ಲಿನ ರಾಬ್ಸ್‌ಟೌನ್ ಊರನ್ನು ಹೋಲ್ಡೆಮ್‌ನ ಹುಟ್ಟೂರೆಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ಗುರುತಿಸಿತು. 1960ರ ದಶಕದಲ್ಲಿ ಲಾಸ್ ವೇಗಸ್‌ಗೆ ಬಂದ ಆಟಕ್ಕೆ 1970ರಲ್ಲಿ ಅಲ್ಲಿ ಆರಂಭವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಹೆಸರು ತಂದುಕೊಟ್ಟಿತು. ಅದರ ಮುಖ್ಯ ಸ್ಪರ್ಧೆ ನೋ ಲಿಮಿಟ್ ಹೋಲ್ಡೆಮ್. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಆನ್‌ಲೈನ್ ಅರ್ಹತಾ ಸ್ಪರ್ಧೆಯ ಮೂಲಕ ಅಲ್ಲಿಗೆ ಹೋಗಿ 25 ಲಕ್ಷ ಡಾಲರ್ ಗೆದ್ದದ್ದನ್ನು ಟಿವಿಯಲ್ಲಿ ಕಂಡ ಜನ ಅದೇ ಬಗೆಯನ್ನು ಹಿಡಿದರು. ಎಲ್ಲವನ್ನೂ ಒಂದೇ ಸಲಕ್ಕೆ ನೂಕುವ ದೃಶ್ಯ ಪರದೆಗೆ ಒಪ್ಪುತ್ತದೆ. ನಾಲ್ಕುನಾಲ್ಕರಂತೆ ಏರಿಸುವುದನ್ನು ಯಾರು ಕುಳಿತು ನೋಡುತ್ತಾರೆ?

ಪ್ರಶ್ನೆ: ಮೊಬೈಲಿನಲ್ಲಿ ಹಣವಿಟ್ಟು ಅಭ್ಯಾಸ ಮಾಡಬಹುದೇ? ಪೋಕರ್ ಕೌಶಲದ ಆಟ, ತೊಂದರೆಯಿಲ್ಲ ಎನ್ನುತ್ತಾರೆ. — ಓದುಗರು, ಕಾಪು

ಉತ್ತರ: ಆ ವಾದ ಹಳೆಯದು. ರಮ್ಮಿಯಲ್ಲಿ ಕೌಶಲವೇ ಪ್ರಧಾನ, ಮೂರೆಲೆಯ ಆಟದಂತೆ ಅದು ಬರಿಯ ಅದೃಷ್ಟದ್ದಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತ್ತು. ಅಂದರ್–ಬಾಹರ್ ಎನ್ನುವ ನಮ್ಮ ಉಲಾಯಿ–ಪಿದಾಯಿಯಂಥ ಆಟಕ್ಕೆ ಆ ರಕ್ಷಣೆ ಎಂದೂ ಇರಲಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಆನ್‌ಲೈನ್ ಆಟಗಳ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿದ್ದೂ ಈ ಭೇದದ ಆಧಾರದಲ್ಲಿಯೇ. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸುತ್ತದೆ. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆ ಮತ್ತು ಒಂದು ಕೋಟಿ ರೂಪಾಯಿಯವರೆಗೆ ದಂಡವನ್ನು ವಿಧಿಸಬಹುದು. ಆದ್ದರಿಂದ ಹಣದ ಆ್ಯಪ್‌ನಲ್ಲಿ ಅಭ್ಯಾಸ ಮಾಡಲು ಹೋಗಬೇಡಿ. ಅದಿರದಿದ್ದರೂ ನಾನು ಅದೇ ಹೇಳುತ್ತಿದ್ದೆ: ಎದುರಿನವರ ಮುಖ ಕಾಣದ, ಅವಸರದ ಆ ಆಟದಲ್ಲಿ ಹೊಸಬರು ಕಲಿಯುವುದಕ್ಕಿಂತ ಕಳೆದುಕೊಳ್ಳುವುದೇ ಬೇಗ.

ಪ್ರಶ್ನೆ: ಮಕ್ಕಳು ಪರವೂರಿನಲ್ಲಿದ್ದಾರೆ. ಸಂಜೆ ಆಡಲು ನಾನು ಮತ್ತು ನಮ್ಮ ಯಜಮಾನರು ಇಬ್ಬರೇ. ಇಬ್ಬರಿದ್ದಾಗ ಬ್ಲೈಂಡ್ ಯಾರದು, ಮೊದಲ ಮಾತು ಯಾರದು? — ಓದುಗರು, ಕುಂದಾಪುರ

ಉತ್ತರ: ಇಬ್ಬರೇ ಇದ್ದಾಗ ಬಟನ್ ಇರುವವರೇ ಸ್ಮಾಲ್ ಬ್ಲೈಂಡ್ ಇಡಬೇಕು, ಎದುರಿನವರು ಬಿಗ್ ಬ್ಲೈಂಡ್. ಫ್ಲಾಪ್‌ಗೆ ಮೊದಲಿನ ಸುತ್ತಿನಲ್ಲಿ ಬಟನ್‌ನವರದೇ ಮೊದಲ ಮಾತು. ಫ್ಲಾಪ್, ಟರ್ನ್, ರಿವರ್ ಮೂರರಲ್ಲೂ ಅವರದು ಕೊನೆಯ ಮಾತು. ಪ್ರತಿ ಹಂಚಿಕೆಗೂ ಬಟನ್ ಕೈ ಬದಲಾಗುವುದರಿಂದ ಕೊನೆಯಲ್ಲಿ ಮಾತಾಡುವ ಅನುಕೂಲ ಇಬ್ಬರಿಗೂ ಸಮನಾಗಿ ಸಿಗುತ್ತದೆ. ನಾಲ್ಕಾರು ಮಂದಿ ಇದ್ದಾಗ ಮಡಚುವಂಥ ಕೈಗಳನ್ನು ಇಬ್ಬರ ಆಟದಲ್ಲಿ ಆಡಬೇಕಾಗುತ್ತದೆ. ಒಂದು ಎಕ್ಕವೋ ರಾಜನೋ ಇದ್ದರೆ ಜೊತೆಯ ಎಲೆ ಸಣ್ಣದೆಂದು ಬಿಸಾಡಬೇಡಿ.